ಭೂಕಂಪ: ಅಳತೆ ಮತ್ತು ಅರಿವು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಅವರವರ ಮನೆಯ ಗೋಡೆಗಳೇ ಉರುಳಿದವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು ಹತ್ತು ಸಾವಿರ.

ಕಿಲ್ಲಾರಿಯಿಂದ ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ. ದೂರದಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆ, ಆ ಸೀಮೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅಲ್ಲಿನ ಕನ್ನಡಿಗರೂ ನಮ್ಮಂತೆ ಗಡಿಯಾಚೆಯವರು. ಅವರ ನೆರೆಯಲ್ಲಿ ನಡೆದ ದುರಂತದ ಪಾಠ ನಮಗೂ ಸಲ್ಲುತ್ತದೆ.

ದಖ್ಖಣದ ಕಲ್ಲುನೆಲ ಅಲುಗದೆಂಬ ನಂಬಿಕೆ ಬಹುಕಾಲ ಇತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಅಣೆಕಟ್ಟಿನ ಬಳಿ ನಡೆದ ಭೂಕಂಪ ಎಚ್ಚರಿಕೆ ಕೊಟ್ಟಿದ್ದರೂ, ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ನಾವು ನಿಂತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾ ಖಂಡವನ್ನು ಒತ್ತುತ್ತಿದೆ. ಆ ಒತ್ತಡ ಒಳನಾಡಿನ ಹಳೆಯ ಬಿರುಕುಗಳಲ್ಲೂ ಕೂಡಿಬರುತ್ತದೆ. ತಡೆಯಲಾರದೆ ಬಂಡೆ ಜಾರಿದಾಗ ಹೊರಡುವ ಅಲೆಗಳೇ ಭೂಕಂಪ.

ಈ ಅಲೆಗಳನ್ನು ಅಳೆಯುವ ಉಪಕರಣದ ತತ್ತ್ವ ಸರಳ. ತೂಗುಬಿಟ್ಟ ಭಾರವಾದ ಗುಂಡು ತನ್ನ ಜಡತ್ವದಿಂದ ನಿಂತಲ್ಲೇ ನಿಲ್ಲಲು ನೋಡುತ್ತದೆ. ನೆಲ ಮಾತ್ರ ಅಲುಗುತ್ತದೆ. ಇವೆರಡರ ಅಂತರವೇ ಕಾಗದದ ಮೇಲೆ ಅಂಕುಡೊಂಕು ಗೆರೆಯಾಗಿ ಮೂಡುತ್ತದೆ. ಮೊದಲು ಬರುವುದು ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದ ಪ್ರಾಥಮಿಕ ಅಲೆ. ಹಿಂದಿನಿಂದ ಸುಮಾರು ಮೂರೂವರೆ ಕಿ.ಮೀ. ವೇಗದ ದ್ವಿತೀಯಕ ಅಲೆ. ಇವೆರಡರ ನಡುವಿನ ಪ್ರತಿ ಸೆಕೆಂಡಿಗೂ ಸುಮಾರು 8 ಕಿ.ಮೀ. ದೂರವೆಂದು ಲೆಕ್ಕ. ಕಿಲ್ಲಾರಿ ನಡುಗಿದಾಗ ಕುಂಭಾರಿಯಲ್ಲಿ ಉಪಕರಣವೊಂದು ಇದ್ದಿದ್ದರೆ ಅದು ಒಂಬತ್ತು ಹತ್ತು ಸೆಕೆಂಡುಗಳ ಅಂತರ ತೋರಿಸುತ್ತಿತ್ತು. ಹೀಗೆ ಮೂರು ಕೇಂದ್ರಗಳಿಂದ ದೂರ ತಿಳಿದರೆ, ನಕ್ಷೆಯ ಮೇಲೆ ಮೂರು ವೃತ್ತಗಳು ಕೂಡುವ ಸ್ಥಳವೇ ಭೂಕಂಪದ ಕೇಂದ್ರ.

1935ರಲ್ಲಿ ಅಮೆರಿಕದ ಚಾರ್ಲ್ಸ್ ರಿಕ್ಟರ್ ರೂಪಿಸಿದ ಮಾಪಕದಲ್ಲಿ ಒಂದು ಅಂಕ ಏರಿದರೆ ಅಲೆಯ ಎತ್ತರ ಹತ್ತು ಪಟ್ಟು. ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕ ಏರಿದರೆ ಶಕ್ತಿ ಸಾವಿರ ಪಟ್ಟು. ದೊಡ್ಡ ಭೂಕಂಪಗಳಿಗೆ ಈಗ ವಿಜ್ಞಾನಿಗಳು ಬಳಸುವುದು ಬಿರುಕಿನ ವಿಸ್ತಾರ ಮತ್ತು ಜಾರಿದ ಪ್ರಮಾಣವನ್ನು ಗಣಿಸುವ ಬೇರೆ ಮಾಪಕ. ಪತ್ರಿಕೆಗಳಲ್ಲಿ ರಿಕ್ಟರ್ ಹೆಸರು ರೂಢಿಯಿಂದ ಉಳಿದಿದೆ.

ಪರಿಮಾಣ ಬೇರೆ, ತೀವ್ರತೆ ಬೇರೆ. ಕುಂಬಳೆಯ ಬೆಡಿಗೆ ತುಂಬಿದ ಮದ್ದು ಒಂದೇ. ಗದ್ದೆಯಂಚಿನಲ್ಲಿ ನಿಂತವನು ಕಿವಿ ಮುಚ್ಚಿಕೊಂಡರೆ, ದೂರದ ಊರಿನವನಿಗೆ ಅದು ಬರಿಯ ಗುಡುಗು. ಮದ್ದಿನ ಲೆಕ್ಕ ಪರಿಮಾಣ. ಕಿವಿಗೆ ಬಿದ್ದ ಸದ್ದು ತೀವ್ರತೆ. ಆದುದರಿಂದ ಭೂಕಂಪಕ್ಕೆ ಪರಿಮಾಣ ಒಂದೇ, ತೀವ್ರತೆ ಊರಿಗೊಂದು. ಮರ್ಕಾಲಿ ಮಾಪಕ ಇದನ್ನು 12 ಮೆಟ್ಟಿಲುಗಳಲ್ಲಿ ಗುರುತಿಸುತ್ತದೆ.

ಕಿಲ್ಲಾರಿಯ ಪರಿಮಾಣ 6.2. 1989ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಪ್ರಿಯೆಟಾದಲ್ಲಿ 6.9ರ ಭೂಕಂಪ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಹೊರಚೆಲ್ಲಿತು, ಸತ್ತವರು 63. ಕಿಲ್ಲಾರಿಯಲ್ಲಿ ಕಂಪನ ಹುಟ್ಟಿದ ಆಳ ಕಡಿಮೆಯಿತ್ತು, ಹೊತ್ತು ನಿದ್ದೆಯದು ಎಂಬುದು ನಿಜ. ಆದರೆ ಮುಖ್ಯ ಕಾರಣ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆ. ಮನುಷ್ಯನನ್ನು ಕೊಲ್ಲುವುದು ಬಹುಮಟ್ಟಿಗೆ ನೆಲವಲ್ಲ, ಗೋಡೆ.

2024ರ ಜನವರಿ 19ರಂದು ಕುಂಭಾರಿಯ ರಾಯನಗರದಲ್ಲಿ ನೇಕಾರರು, ಬೀಡಿ ಕಾರ್ಮಿಕರು ಮೊದಲಾದ ದುಡಿಯುವವರಿಗಾಗಿ 15 ಸಾವಿರ ಮನೆಗಳು ಉದ್ಘಾಟನೆಯಾದವು. ಬಡವನಿಗೆ ಸೂರು ಸಿಗುವುದು ಸಂತೋಷದ ಸಂಗತಿ. ಆದರೆ ಹಳ್ಳಿಗಳಲ್ಲಿ ಸರಕಾರದ ಯೋಜನೆಗೆ ಒಳಪಡದೆ, ಮೇಸ್ತ್ರಿಯ ಮಾತಿನಂತೆ ಏಳುವ ಮನೆಗಳ ಗತಿಯೇನು? ನಮ್ಮಲ್ಲೂ ಅಷ್ಟೆ. 2002ರ ನಕ್ಷೆ ಇಡೀ ಕೇರಳವನ್ನು ಮಧ್ಯಮ ಅಪಾಯದ ಮೂರನೇ ವಲಯಕ್ಕೆ ಸೇರಿಸಿತ್ತು. ಕೆಂಪುಕಲ್ಲಿನ ಮನೆ ಕಟ್ಟುವವರು ಬಾಗಿಲು ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟು ಪಟ್ಟಿ ಹಾಕಿಸಬೇಕು. ಮೂಲೆಗಳಲ್ಲಿ ಗೋಡೆಗಳನ್ನು ಒಂದಕ್ಕೊಂದು ಬಿಗಿಯಬೇಕು. ಖರ್ಚು ತುಸು ಹೆಚ್ಚು, ಉಳಿಯುವುದು ಜೀವ.

ಇಂಥ ದಿನ, ಇಂಥ ಹೊತ್ತಿಗೆ ಭೂಕಂಪವಾಗುತ್ತದೆಂದು ಹೇಳಬಲ್ಲ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ವದಂತಿಗೆ ಕಿವಿಗೊಡದಿರುವುದಕ್ಕೂ, ನೆಲ ನಡುಗಿದಾಗ ಗಟ್ಟಿ ಮೇಜಿನಡಿ ತಲೆ ಕಾಯ್ದುಕೊಳ್ಳುವುದಕ್ಕೂ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಅರ್ಥವಾಗುವ ಭಾಷೆಯಲ್ಲಿ ಬರಬೇಕು. ಅಪಾಯದ ಗಳಿಗೆಯಲ್ಲಿ ಯಾರೂ ನಿಘಂಟು ತೆರೆಯಲಾರರು. ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350-ಎ ವಿಧಿಯ ಆಸರೆ ಇದೆ. ಅದೇ ನ್ಯಾಯದಿಂದ ಅಕ್ಕಲಕೋಟೆಯ ಕನ್ನಡ ಮಗುವಿಗೆ ಮರಾಠಿಯಲ್ಲಿ, ಮಂಜೇಶ್ವರದ ಕನ್ನಡ ಮಗುವಿಗೆ ಮಲಯಾಳದಲ್ಲಿ ಮಾತ್ರವೇ ಎಚ್ಚರಿಕೆ ತಲುಪಿದರೆ ಸಾಲದು. ವಿಪತ್ತು ನಿರ್ವಹಣೆಯ ಕೈಪಿಡಿ, ಶಾಲಾ ಕವಾಯತಿನ ಸೂಚನೆ, ಮೇಸ್ತ್ರಿಗಳ ತರಬೇತಿ ಕನ್ನಡದಲ್ಲೂ ದೊರೆಯುವಂತೆ ಎರಡೂ ರಾಜ್ಯಗಳ ಸಂಬಂಧಪಟ್ಟವರು ಗಮನ ಹರಿಸಬೇಕು. ಹೆತ್ತವರೂ ಇದನ್ನು ಅರ್ಜಿ ಬರೆದು ಕೇಳಬೇಕು. ನೆಲ ನಡುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.