ಉತಾರದಲ್ಲಿ ಇಲ್ಲದ ಅಜ್ಜಿ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಮರ್ಯಾದಸ್ಥ ಮನೆತನ ಅಂದ್ರೆ ಮೊದಲು ಕೇಳೋದು ಹೊಲ ಎಷ್ಟು ಅಂತ. ಆಮೇಲೆ ಎತ್ತು ಎಷ್ಟು ಜೋಡಿ, ಜೋಳದ ಹಗೇವು ಎಷ್ಟು ಅಂತ. ನನ್ನ ಮುತ್ತಜ್ಜನ ಅಪ್ಪ ಈ ಮೂರರಲ್ಲೂ ಪಾಸಾದ ರೈತ. ಇವತ್ತಿಗೂ ಊರಲ್ಲಿ ನಮ್ಮದು ‘ದೊಡ್ಡ ಮನಿ’.

19ನೇ ಶತಮಾನದ ನಡುವೆ ಬ್ರಿಟಿಷರು ಬೆಳಗಾವಿ ಜಿಲ್ಲೆಯ ಹೊಲಗಳನ್ನು ಅಳೆದು ಸರ್ವೆ ನಂಬರ್ ಕೊಟ್ಟರು. ರಯತವಾರಿ ಪದ್ಧತಿಯಲ್ಲಿ ಕಂದಾಯ ಕಟ್ಟುವವನ ಹೆಸರು ಖಾತೆಗೆ ಏರಿತು. ಸಾಮಾನ್ಯವಾಗಿ ಅದು ಮನೆಯ ಹಿರಿ ಗಂಡಸಿನ ಹೆಸರು. ಹಾಗಾಗಿ ಮುತ್ತಜ್ಜನ ಅಪ್ಪನ ಹೆಸರು ನಮಗೆ ಗೊತ್ತು. ಅವರ ಹೆಂಡತಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ!

ಅದೇ ಕಾಲದ ಅಮೆರಿಕದ ಅಯೋವಾ, ಇಲಿನಾಯ್ ಕಡೆ ರೈತರ ಜೀವನಚರಿತ್ರೆ ಬರೆದು ಜಿಲ್ಲಾವಾರು ಪುಸ್ತಕ ಮಾಡಿ ಮಾರುತ್ತಿದ್ದರು. ಅಲ್ಲೂ ಗಂಡಸೇ ನಾಯಕ. ಆದ್ರೂ ಹೆಂಡತಿಯ ಹೆಸರು, ಮಕ್ಕಳ ಹೆಸರು ಒಂದು ಸಾಲಿನಲ್ಲಾದರೂ ಬರುತ್ತಿತ್ತು.

ನಮ್ಮ ಆ ಅಜ್ಜಿ ಏನು ಮಾಡ್ತಿದ್ದಳು? ಬಿತ್ತುವಾಗ ಕೂರಿಗೆ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಡೋದು, ಮುಂದಿನ ವರ್ಷದ ಬೀಜಕ್ಕೆ ಬೂದಿ ಹಚ್ಚಿ ಇಡೋದು, ದನ, ಹೈನು, ಆಳುಗಳ ಬುತ್ತಿ. ಇದೆಲ್ಲ ನಮ್ಮ ಕಡೆ ಹೆಣ್ಮಕ್ಕಳ ಕೆಲಸವೇ. 1876-78ರ ದೊಡ್ಡ ಬರದಲ್ಲಿ ಹಗೇವು ತೆಗೆದು ಊರಿಗೆ ಜೋಳ ಕೊಟ್ಟರು ಅಂತ ಅಜ್ಜನ ಹೆಸರು ಹೇಳ್ತಾರೆ. ಅಳೆದು ಕೊಟ್ಟವಳು ಅಜ್ಜಿ ಅಂತಾನೂ ಅದೇ ಕಥೆಯಲ್ಲಿದೆ. ಹೆಸರಿಲ್ಲ ಅಷ್ಟೇ.

ಇದು ಹಳೇ ಕಥೆ ಅಂತ ಬಿಡಬಹುದಿತ್ತು. ಆದರೆ ಈಗ ಮನೆಯಲ್ಲಿ ಹೊಲ ಪಾಲಾಗುತ್ತಿದೆ. ಕಾಗವಾಡ ಕಡೆ ಕೊಟ್ಟಿರುವ ನನ್ನ ಸೋದರತ್ತೆಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ನಮ್ಮವರೇ ಕೇಳಿದ್ದಾರೆ. ‘ನಿನಗ್ಯಾಕವ್ವಾ ಹೊಲ, ನಿನಗೇನ್ ಕಡಿಮಿ ಐತಿ?’ ಅನ್ನೋ ಮಾತು. ಅತ್ತೆಗೆ ಕಾನೂನಿನ ಭಯ ಇಲ್ಲ. ತವರಿನ ಬಾಗಿಲು ಮುಚ್ಚೀತು ಅನ್ನೋ ಭಯ. ಅವಳು ಸಹಿ ಹಾಕಿದರೆ ನನ್ನ ಪಾಲೂ ಹೆಚ್ಚುತ್ತದೆ. ಅದನ್ನು ಮುಚ್ಚಿಟ್ಟು ಈ ಅಂಕಣ ಬರೆಯೋದು ಸರಿಯಲ್ಲ.

ಕಾನೂನು ಇಷ್ಟು. 1994ರಲ್ಲೇ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು: ಮದುವೆಯಾಗಿರಲಿ, ಬಿಡಲಿ, ಮಗಳಿಗೂ ಮಗನಷ್ಟೇ ಪಾಲು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿ ಇದ್ದರೆ ಅದನ್ನು ಕೆದಕಲು ಬರುವುದಿಲ್ಲ.

ಅತ್ತೆ ಬಿಟ್ಟುಕೊಡಲೇಬಾರದು ಅಂತ ನಾನು ಹೇಳ್ತಿಲ್ಲ. ಅಣ್ಣ-ತಮ್ಮಂದಿರಿಗೆ ಪ್ರೀತಿಯಿಂದ ಕೊಟ್ಟರೆ ಅದು ಅವಳ ದೊಡ್ಡತನ. ಆದರೆ ಎಷ್ಟು ಎಕರೆ, ಏನು ಬೆಲೆ ಅಂತ ಗೊತ್ತಿದ್ದು ಕೊಡಬೇಕು. ಮನೆಯಲ್ಲಿ ಹೀಗೆಂದೆ. ಅಪ್ಪ ಸುಮ್ಮನಾದರು, ಚಿಕ್ಕಪ್ಪ ಊಟ ಬಿಟ್ಟು ಎದ್ದರು. ಅತ್ತೆ ಮಾತ್ರ ಪತ್ರವನ್ನು ಓದಿಸಿಕೊಂಡು ನೋಡ್ತೀನಿ ಅಂದಿದ್ದಾಳೆ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ನೀವೂ ಒಂದು ಕೆಲಸ ಮಾಡಿ. ಅಜ್ಜಿಯ ಹೆಸರು, ಅವಳ ಅವ್ವನ ಹೆಸರು, ತವರೂರು ಕೇಳಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ವಂಶವೃಕ್ಷ ಮಾಡಿಸುವಾಗ ಹೆಣ್ಮಕ್ಕಳ ಹೆಸರೆಲ್ಲ ಸೇರಿದೆಯಾ ನೋಡಿ. ಹೇಳುವವರು ಇರುವಾಗಲೇ ಕೇಳಬೇಕು.