ತೆರಿಗೆಗೆ ಸಕ್ರಮ, ಮನೆಗೆ ಅಕ್ರಮ!

ಗೆಳೆಯರೇ, ಇದು ನಿಮ್ಮ ಮನೆಯ ಕಥೆಯೂ ಇರಬಹುದು. ಅಪ್ಪ ಮೂವತ್ತು ವರ್ಷ ಬೆವರು ಸುರಿಸಿದರು. ಅಮ್ಮನ ಬಳೆ ಅಡವಿಗೆ ಹೋಯಿತು. ಬೆಂಗಳೂರಿನ ಅಂಚಿನಲ್ಲಿ ಒಂದು ಮೂವತ್ತು-ನಲವತ್ತು ಸೈಟು ಬಂತು. ಸರ್ಕಾರವೇ ಮುದ್ರಾಂಕ ಶುಲ್ಕ ಎಣಿಸಿಕೊಂಡು ಕ್ರಯಪತ್ರ ನೋಂದಾಯಿಸಿತು. ವರ್ಷ ವರ್ಷ ಕಂದಾಯ ಕಟ್ಟಿಸಿಕೊಂಡು ರಸೀದಿ ಕೊಟ್ಟಿತು. ಒಂದು ದಿನ ಮಗ ಮೇಲೊಂದು ಕೋಣೆ ಕಟ್ಟೋಣವೆಂದು ಸಾಲ ಕೇಳಲು ಬ್ಯಾಂಕಿಗೆ ಹೋದ. ಮ್ಯಾನೇಜರು ಕಾಗದ ತಿರುವಿ ನೋಡಿ ಹಿಂದಕ್ಕೆ ತಳ್ಳಿದರು: "ಇದು ಬಿ ಖಾತೆ ಕಣಪ್ಪಾ, ಆಗಲ್ಲ."

ದುಡ್ಡು ತಗೊಳ್ಳುವಾಗ ಈ ಮನೆ ಸಕ್ರಮ. ಸಾಲ, ನಕ್ಷೆ ಮಂಜೂರಾತಿ ಕೇಳುವಾಗ ಅಕ್ರಮ! ಇದು ಕಾನೂನೋ, ಕಣ್ಣಾಮುಚ್ಚಾಲೆಯೋ?

ಈ ಅಕ್ರಮ ಹುಟ್ಟಿದ್ದು ಹೇಗೆ, ಕೇಳಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರಿನಲ್ಲಿ ಅಧಿಕಾರಿಗಳು ಊರಿನ ನಕ್ಷೆಗೆ ಬಣ್ಣ ಬಳಿಯುತ್ತಾರೆ. ಹಳದಿ ಬಳಿದರೆ ವಸತಿ, ಹಸಿರು ಬಳಿದರೆ ಕೃಷಿ. ನಿಮ್ಮ ತಾತನ ಹೊಲದ ಮೇಲೆ ಹಸಿರು ಬಿತ್ತೋ, ಮುಗಿಯಿತು. ಪಕ್ಕದಲ್ಲಿ ಹತ್ತು ಮಹಡಿ ಎದ್ದರೂ ನೀವು ಉಳುತ್ತಲೇ ಇರಬೇಕು. ನೀರಿಲ್ಲ, ಆಳಿಲ್ಲ, ಉಳುವುದೆಲ್ಲಿಂದ? ರೈತ ಗುಂಟೆ ಲೆಕ್ಕದಲ್ಲಿ ಮಾರಿದ. ಕೊಂಡವರು ಯಾರು? ಆಟೋ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಹಾಸನ-ಮಂಡ್ಯ-ಕಲಬುರಗಿಯಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಜನ. 1976ರಲ್ಲಿ ಹುಟ್ಟಿದ ಬಿಡಿಎ ಇವರಿಗೆಲ್ಲ ಸೈಟು ಕೊಡಬೇಕಿತ್ತು. ಅರ್ಜಿ ಹಾಕಿ ಹಾಕಿ ತಲೆ ನೆರೆತವರು ನಿಮ್ಮ ಬೀದಿಯಲ್ಲೇ ಇದ್ದಾರೆ, ವಿಚಾರಿಸಿ ನೋಡಿ.

ಇನ್ನು ಆ ನಕ್ಷೆಯ ಗತಿ ನೋಡಿ. 2015ನೇ ಇಸವಿಯವರೆಗೆಂದು ಮಾಡಿದ ಮಹಾಯೋಜನೆ 2007ರಲ್ಲಿ ಜಾರಿಗೆ ಬಂತು. 2031ರವರೆಗಿನ ಕರಡು 2017ರಲ್ಲಿ ಹೊರಬಿತ್ತು, 2020ರಲ್ಲಿ ವಾಪಸು ಹೋಯಿತು. ಅಂದರೆ ಅವಧಿ ತೀರಿದ ನಕ್ಷೆ ಹಿಡಿದು ಊರು ಆಳಿದರು. ತಮ್ಮ ಕೆಲಸವನ್ನು ತಾವು ವೇಳೆಗೆ ಮಾಡಲಾರದ ಮಹಾಶಯರು ನಿಮ್ಮ ಮನೆಯ ಸೆಟ್‌ಬ್ಯಾಕಿನಲ್ಲಿ ಅರ್ಧ ಅಡಿ ಕಮ್ಮಿಯಾದರೆ ಟೇಪು ಹಿಡಿದು ಬರುತ್ತಾರೆ! ವಲಯ ನಿಯಮಗಳ ಆ ದಪ್ಪ ಪುಸ್ತಕವೋ, ಇಂಗ್ಲಿಷಿನಲ್ಲಿ. 1963ರಿಂದ ರಾಜ್ಯಭಾಷಾ ಕಾಯ್ದೆ ಇರುವ ನಾಡಿದು. ತನ್ನ ಹೊಲ ಯಾವ ಬಣ್ಣದ್ದೆಂದು ತಿಳಿಯಲು ರೈತ ದಲ್ಲಾಳಿಯ ಕಾಲು ಹಿಡಿಯಬೇಕು. ಓದಲಾಗದ ಕಾನೂನು ಲಂಚದ ಅಂಗಡಿಯಲ್ಲದೆ ಇನ್ನೇನು?

ಈಗ ಪರಿಹಾರದ ನಾಟಕಕ್ಕೆ ಬನ್ನಿ. ಅಕ್ರಮ-ಸಕ್ರಮ ಎಂದರು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಅದೇ ವರ್ಷದ ಕೊನೆಗೆ ಹೊಸ ಘೋಷಣೆ: ಮಾರ್ಗಸೂಚಿ ದರದ ಶೇಕಡಾ 5 ಕಟ್ಟಿ, ಬಿ ಖಾತೆಯನ್ನು ಎ ಖಾತೆ ಮಾಡಿಸಿಕೊಳ್ಳಿ! ಮೂವತ್ತು ಲಕ್ಷದ ಸೈಟಿಗೆ ಒಂದೂವರೆ ಲಕ್ಷ. ನಿನ್ನೆ ಮಹಾಪರಾಧವಾಗಿದ್ದು ಇವತ್ತು ಚಲನ್ ಕಟ್ಟಿದರೆ ಪುಣ್ಯವಾಗುವುದಾದರೆ, ನಿನ್ನೆ ಅದು ಅಪರಾಧವೇ ಆಗಿರಲಿಲ್ಲ ಎಂದಾಯಿತಲ್ಲ ಸ್ವಾಮಿ? ಎಲ್ಲರೂ ಮೀರಲೇಬೇಕಾದ ನಿಯಮ ಮಾಡಿ, ಮೀರಿದ್ದಕ್ಕೆ ದಂಡ ವಸೂಲಿ ಮಾಡುವುದು ಆಡಳಿತವಲ್ಲ, ವ್ಯಾಪಾರ.

"ನಿಯಮವಿಲ್ಲದಿದ್ದರೆ ಕೆರೆಗಳ ಗತಿ?" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕೆರೆ, ರಾಜಕಾಲುವೆ ನಮ್ಮೆಲ್ಲರ ಆಸ್ತಿ. ಅದನ್ನು ಮುಟ್ಟಿದವರ ಕೈ ಹಿಡಿಯಲೇಬೇಕು. ಆದರೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದವರು ಯಾರು? ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎಬ್ಬಿಸಿದವರು ಯಾರು? ಬಿ ಖಾತೆಯ ಬಡವನಲ್ಲ. ಕೆರೆ ಕಾಯುವ ಕಾನೂನು ಬೇಕು, ಕೆರೆ ನುಂಗಿದವರೇ ಹಳದಿ-ಹಸಿರು ಹಂಚುವ ಕಾನೂನು ಬೇಡ.

ಇನ್ನೊಂದು ಕಡೆ ಭೂಸ್ವಾಧೀನದ ಉರುಳು. 2008ರ ಡಿಸೆಂಬರಿನಲ್ಲಿ ಬಿಡಿಎ 17 ಹಳ್ಳಿಗಳ 3,546 ಎಕರೆಗೆ ನೋಟಿಸು ಹೊರಡಿಸಿತು. ಬಡಾವಣೆಗೆ ಇಟ್ಟ ಹೆಸರು ಡಾ. ಶಿವರಾಮ ಕಾರಂತರದು! ವರ್ಷಗಟ್ಟಲೆ ಕೆಲಸ ನಡೆಯಲಿಲ್ಲ. ಹೈಕೋರ್ಟು ರದ್ದು ಮಾಡಿತು. ಬಿಡುಗಡೆಯಾಯಿತೆಂದು ಜನ ಮನೆ ಕಟ್ಟಿಕೊಂಡರು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಜೀವ ಕೊಟ್ಟಿತು. ಹತ್ತು ವರ್ಷ ತೂಗುಕತ್ತಿ! ಕೈಗಾದಲ್ಲಿ ಅಣುಸ್ಥಾವರದ ವಿರುದ್ಧ ಜನರ ಜೊತೆ ನಿಂತ ಕಾರಂತರ ಹೆಸರು ಬೋರ್ಡಿಗೆ ಬೇಕು, ಕಾರಂತರ ಎದೆಗಾರಿಕೆ ಬೇಡ. ಕನ್ನಡದ ಹೆಸರಿಟ್ಟು ಕನ್ನಡಿಗನ ಹೊಲ ಕಿತ್ತರೆ ಅದು ಕನ್ನಡಾಭಿಮಾನವೇ?

ಪರಿಹಾರದಲ್ಲೂ ಮೋಸ. 2013ರ ಭೂಸ್ವಾಧೀನ ಕಾಯ್ದೆ ಹಳೇ 1894ರ ಬ್ರಿಟಿಷರ ಕಾಯ್ದೆಯನ್ನು ಕಿತ್ತುಹಾಕಿ ರೈತನಿಗೆ ಹೆಚ್ಚಿನ ಬೆಲೆ ಕೊಟ್ಟಿತು. ಆದರೆ ಬಿಡಿಎ ಸ್ವಾಧೀನಕ್ಕೆ ಅದು ಅನ್ವಯಿಸುವುದಿಲ್ಲವೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಿಡಿಎ ಕಾಯ್ದೆ ಮಾಡಿದ್ದು ನಮ್ಮದೇ ವಿಧಾನಸೌಧ. ತಿದ್ದಲು ಅದಕ್ಕೆ ಯಾರೂ ಅಡ್ಡ ಬಂದಿಲ್ಲ. ಬ್ರಿಟಿಷರು ಹೋದರು, ಅವರ ಲೆಕ್ಕದ ಪುಸ್ತಕ ಮಾತ್ರ ಬಿಡಿಎ ಕಪಾಟಿನಲ್ಲಿ ಉಳಿಯಿತು!

ಯುವಕರೇ, ಇಷ್ಟೆಲ್ಲಾ ಓದಿ "ನಮ್ಮ ಕೈಲೇನಾಗುತ್ತೆ" ಎನ್ನಬೇಡಿ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಹೋಗಿ ಬನ್ನಿ. 13 ಹಳ್ಳಿ, 1,777 ಎಕರೆ. ವಿಮಾನದ ಕಂಪನಿಗಳಿಗೆ ಬೇಕೆಂದು ಸರ್ಕಾರ ಕೈ ಹಾಕಿತು. ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮೂರು ವರ್ಷ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ಟೆವೆಂದು ಸಾರಬೇಕಾಯಿತು. ರೇಷ್ಮೆ, ರಾಗಿ ಬೆಳೆಯುವ ಆ ಕೈಗಳು ಗೆದ್ದದ್ದು ಕಲ್ಲು ಎಸೆದಲ್ಲ, ಒಟ್ಟಾಗಿ ಕೂತು.

ನಮ್ಮ ಜಗಳ ಪಕ್ಕದ ಮನೆಗೆ ಬಂದ ಪರಊರಿನವನ ಜೊತೆಯಲ್ಲ. ಅವನೂ ಇದೇ ಬಿ ಖಾತೆಯ ಬಲಿಪಶು. ನಮ್ಮ ಜಗಳ ಕಡತದ ಜೊತೆ. ನಾವು ಕೇಳುವುದು ನಾಲ್ಕೇ ಮಾತು. ನೋಂದಣಿ ಮಾಡಿ ಕಂದಾಯ ತಗೊಂಡ ಸಣ್ಣ ಮನೆಗೆ ದಂಡವಿಲ್ಲದೆ ಪೂರ್ಣ ಖಾತೆ ಕೊಡಿ. ಗೊತ್ತಾದ ಗಡುವಿನೊಳಗೆ ದುಡ್ಡು ಕೊಟ್ಟು ತಗೊಳ್ಳದ ಜಮೀನನ್ನು ಬಿಟ್ಟುಬಿಡಿ. ಬಿಡಿಎ ರೈತನಿಗೂ 2013ರ ಕಾಯ್ದೆಯ ಬೆಲೆ ಕೊಡಿ. ಪ್ರತಿ ನಕ್ಷೆ, ಪ್ರತಿ ನಿಯಮ ಕನ್ನಡದಲ್ಲಿ ವಾರ್ಡ್ ಕಚೇರಿಯ ಗೋಡೆಗೆ ಬರಲಿ.

ಇವತ್ತೇ ಮನೆಯ ಪೆಟ್ಟಿಗೆ ತೆಗೆಯಿರಿ. ಅಪ್ಪನ ಕಂದಾಯದ ರಸೀದಿಗಳನ್ನು ಹೊರಗಿಡಿ. ಬೀದಿಯವರನ್ನೆಲ್ಲ ಸೇರಿಸಿ, ಆ ರಸೀದಿಗಳ ಕಟ್ಟು ಹಿಡಿದು ವಾರ್ಡ್ ಕಚೇರಿಗೆ ನಡೆಯಿರಿ. ಒಂದೇ ಪ್ರಶ್ನೆ ಕೇಳಿ, ಕನ್ನಡದಲ್ಲಿ ಕೇಳಿ: "ಈ ದುಡ್ಡು ಸಕ್ರಮವಾದರೆ ನಮ್ಮ ಮನೆ ಅಕ್ರಮ ಹೇಗೆ?"

ಉತ್ತರ ಬರುವ ತನಕ ಅಲ್ಲಿಂದ ಏಳಬೇಡಿ!