ಜಪಾನಿನ ‘ಹೂಂ’

ಮಕ್ಕಳೇ, ಜಪಾನಿ ಭಾಷೆಯಲ್ಲಿ ‘ಹೌದು’ ಎನ್ನಲು ಮೊದಲು ಕಲಿಸುವ ಮಾತು ‘ಹಾಯ್’. ಗೆಳೆಯರನ್ನು ಕಂಡಾಗ ನೀವು ಕೈಬೀಸಿ ಹೇಳುವ ಹಾಯ್ ಅಲ್ಲ ಇದು. ಹಾಜರಿ ಕರೆದಾಗ ಅಲ್ಲಿನ ಮಕ್ಕಳು ಕೂಗುವುದು ‘ಹಾಯ್!’ ಎಂದೇ. ಮೇಷ್ಟ್ರಿಗೆ, ಅಪರಿಚಿತರಿಗೆ, ಅಂಗಡಿಯ ಗಿರಾಕಿಗೆ ಇದೇ ಮರ್ಯಾದೆಯ ಉತ್ತರ. ಆದರೆ ‘ಹಾಯ್ ಹಾಯ್’ ಎಂದು ಎರಡು ಸಲ ಎಳೆದರೆ, ‘ಆಯ್ತು ಆಯ್ತು, ಬಿಡಿ’ ಎಂದಂತೆ. ಆಗ ಅಲ್ಲಿನ ಅಮ್ಮಂದಿರು, “ಹಾಯ್ ಒಂದೇ ಸಲ!” ಎಂದು ಗದರುತ್ತಾರೆ. ಗದರುವುದರಲ್ಲಿ ಎಲ್ಲ ದೇಶದ ಅಮ್ಮಂದಿರೂ ಒಂದೇ!

ಮನೆಯೊಳಗೆ, ಗೆಳೆಯರ ನಡುವೆ ಇಷ್ಟು ಬಿಗಿ ಇಲ್ಲ. ಅಲ್ಲಿ ‘ಉಂ’ ಎಂದರೆ ಸಾಕು. ತುಟಿ ತೆರೆಯದೆಯೂ ಹೇಳಬಹುದು, ನಮ್ಮ ‘ಹೂಂ’ ಇದ್ದ ಹಾಗೆ. ಅದನ್ನೇ ಉದ್ದಕ್ಕೆ ಎಳೆದು, ದನಿಯನ್ನು ಇಳಿಸಿ ಏರಿಸಿದರೆ ‘ಇಲ್ಲ’ ಎಂದಾಗುತ್ತದೆ. ನಮ್ಮ ‘ಊಹೂಂ’ ನೆನಪಾಯಿತೇ? ಮೆದುವಾಗಿ ‘ಏ’ ಎಂದರೆ ವಿನಯದ ಹೌದು. ‘ಸೋ, ಸೋ’ ಎಂದರೆ ‘ಹಾಗೇ, ಹಾಗೇ’.

ಒಂದು ಕಡೆ ಮಾತ್ರ ಎಚ್ಚರ ಬೇಕು. “ಇನ್ನೂ ಊಟ ಮಾಡಿಲ್ಲವಾ?” ಎಂದು ಅಜ್ಜಿ ಕೇಳಿದಾಗ ಜಪಾನಿ ಮೊಮ್ಮಗ ‘ಉಂ’ ಎಂದರೆ, ‘ನೀವು ಹೇಳಿದ್ದು ಸರಿ, ಮಾಡಿಲ್ಲ’ ಎಂದರ್ಥ. ಇಂಗ್ಲಿಷಿನ ‘ಎಸ್’ ಲೆಕ್ಕದಲ್ಲಿ ಅದನ್ನು ‘ಮಾಡಿದ್ದೇನೆ’ ಎಂದುಕೊಂಡರೆ ಹುಡುಗ ಉಪವಾಸ!

ಇನ್ನೊಂದು ವಿಶೇಷ ಕೇಳಿ. ಒಬ್ಬರು ಮಾತಾಡುತ್ತಿರುವಾಗ ಜಪಾನಿಯರು ನಡುನಡುವೆ ‘ಹಾಯ್’, ‘ಉಂ’ ಎನ್ನುತ್ತಲೇ ಇರುತ್ತಾರೆ. ಇದಕ್ಕೆ ‘ಐಜುಚಿ’ ಎಂದು ಹೆಸರು. ಕುಲುಮೆಯಲ್ಲಿ ಗುರು, ಶಿಷ್ಯ ಸರದಿಯಂತೆ ಕಾದ ಕಬ್ಬಿಣಕ್ಕೆ ಸುತ್ತಿಗೆ ಹೊಡೆಯುವುದರಿಂದ ಬಂದ ಪದ ಅದು. ಹೀಗೆ ನಡುವೆ ಹೇಳುವ ‘ಹಾಯ್’ಗೆ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ ಅರ್ಥ, ‘ಒಪ್ಪಿದೆ’ ಎಂದಲ್ಲ. ಹೊರದೇಶದ ವ್ಯಾಪಾರಿಗಳು ಇಲ್ಲೇ ಎಡವುವುದು. ಬ್ಯಾಂಕಿನಲ್ಲಿ ದುಡಿದ ನನಗೆ ಇದು ಬೇಗ ಅರ್ಥವಾಗುತ್ತದೆ. ಗಿರಾಕಿ ಎಷ್ಟು ಸಲ ತಲೆಯಾಡಿಸಿದರೂ ಅದು ಸಹಿಯಾಗುವುದಿಲ್ಲ.

ಹಾಗೆಂದು ಬರಿಯ ‘ಹೂಂ’ ಸಣ್ಣದಲ್ಲ. ಕಥೆ ಹೇಳುವ ಅಜ್ಜ ಅಜ್ಜಿಯರಿಗೆ ಅದರ ಬೆಲೆ ಗೊತ್ತು. ಹೂಂಗುಟ್ಟುವುದು ನಿಂತಿತೆಂದರೆ ಮಗು ಮಲಗಿತೆಂದು ಲೆಕ್ಕ. ಆದರೆ ಮಗು ಎಚ್ಚರವಾಗಿದ್ದೂ ಮೊಬೈಲ್ ನೋಡುತ್ತ ಸುಮ್ಮನಿದ್ದರೆ, ಹೇಳುವವರ ಸುತ್ತಿಗೆ ಒಂಟಿಯಾಗುತ್ತದೆ. ಇವತ್ತು ರಾತ್ರಿ ಅಜ್ಜಿ ಮಾತು ಶುರು ಮಾಡಿದಾಗ ನಡುವೆ ನಿಮ್ಮದೂ ಒಂದು ಪೆಟ್ಟು ಬೀಳಲಿ. ‘ಹೂಂ’ ಎನ್ನಿ, ‘ಉಂ’ ಎಂದರೂ ಆದೀತು.